ವ್ಯಾಕ್ಯೂಮ್ ವೈಪರ್ ನಿಂತಿತೇ? ಮೋಟರ್ ಬಿಚ್ಚುವುದು ಕೊನೆಗೆ: ಹಳೇ ಜೀಪು, ಕಾರುಗಳಿಗೆ ಸಮಗ್ರ ಮಾರ್ಗದರ್ಶಿ

ಮೇ ತಿಂಗಳ ಕೊನೆಗೆ ಮೊದಲ ಮಳೆ ಬಿದ್ದ ಕೂಡಲೇ ಹಳೇ ಗಾಡಿ ಇಟ್ಟುಕೊಂಡ ಗೆಳೆಯರ ಫೋನು ಶುರುವಾಗುತ್ತದೆ. ಎಲ್ಲರದ್ದೂ ಒಂದೇ ಪ್ರಶ್ನೆ: "ವೈಪರ್ ಮೋಟರ್ ಎಲ್ಲಾದರೂ ಸಿಗುತ್ತಾ?" ನಾನು ತಿರುಗಿ ಕೇಳುವುದೂ ಒಂದೇ: "ಹೋಸ್ ಕಿತ್ತು ಬೆರಳಿಟ್ಟು ನೋಡಿದ್ರಾ?" ಆ ಕಡೆಯಿಂದ ಉತ್ತರ ಬರುವುದಿಲ್ಲ.

ಅವರನ್ನು ಬೈಯುವ ಹಕ್ಕು ನನಗಿಲ್ಲ. ನನ್ನ ಜೀಪಿಗೆ ನಾನೂ ಎರಡು ಸಲ ಮೋಟರ್ ಬದಲಿಸಿದೆ. ಎರಡನೆಯದೂ ಮೊದಲನೆಯದರಂತೆಯೇ ಕುಂಟಿತು. ಕೊನೆಗೆ ತಪ್ಪು ಸಿಕ್ಕಿದ್ದು ಗಾಜಿನ ಚೌಕಟ್ಟು ಮಡಚುವ ಕೀಲಿನ ಹತ್ತಿರ, ಒಂದು ಗೇಣು ಉದ್ದದ ರಬ್ಬರ್ ಹೋಸಿನಲ್ಲಿ. ಮೋಟರ್ ಮೇಲೆ ಅನುಮಾನ ಪಡುವುದು ಕಟ್ಟಕಡೆಗೆ. ಈ ಬರಹದ ಹಂತಗಳನ್ನು ಆ ಲೆಕ್ಕದಲ್ಲೇ ಜೋಡಿಸಿದ್ದೇನೆ. ಹಂತ ಹಾರಿಸಬೇಡಿ.

ಇದು ಯಾರಿಗೆ? ವಿಲ್ಲಿಸ್‌ನ ಸಿಜೆ-2ಎ, ಸಿಜೆ-3ಎ, ಸಿಜೆ-3ಬಿ ತರಹದ ಜೀಪು, 1940 ಮತ್ತು 50ರ ದಶಕದ ಷೆವರ್ಲೆ, ಫೋರ್ಡ್ ಇರುವವರಿಗೆ. ವೈಪರ್ ಮೋಟರ್‌ಗೆ ಕರೆಂಟಿನ ವೈರ್ ಬದಲು ರಬ್ಬರ್ ಹೋಸ್ ಬಂದಿದ್ದರೆ ನಿಮ್ಮದು ವ್ಯಾಕ್ಯೂಮ್ ವೈಪರ್. ಅಂಬಾಸಡರ್, ಫಿಯಟ್ ಇದ್ದವರು ಇಲ್ಲಿಗೇ ನಿಲ್ಲಿಸಬಹುದು, ಅವು ಕರೆಂಟಿನವು.

## ಮೊದಲು ತಿಳಿಯಬೇಕಾದ್ದು: ಯಾವುದು ಕೆಟ್ಟಿದ್ದು, ಯಾವುದು ಸಹಜ

ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹೋಗುವ ಕೊಳವೆ) ಒಳಗೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಆ ಎಳೆತವನ್ನು ಹೋಸ್ ಮೂಲಕ ವೈಪರ್ ಮೋಟರ್‌ಗೆ ಕೊಡುತ್ತಾರೆ. ಮೋಟರ್ ಅಂದರೆ ಅರ್ಧಚಂದ್ರದ ಆಕಾರದ ಡಬ್ಬಿ. ಅದರೊಳಗೆ ಬಾಗಿಲಿನಂತೆ ಆಚೀಚೆ ತೂಗುವ ಒಂದು ಹಲಗೆ, ಅದಕ್ಕೆ ಚರ್ಮದ ಅಥವಾ ರಬ್ಬರಿನ ಅಂಚು. ಹಲಗೆ ಒಂದು ತುದಿ ಮುಟ್ಟಿದಾಗ ಪುಟ್ಟ ವಾಲ್ವ್ ಟಕ್ಕೆಂದು ಹೊರಳಿ ಎಳೆತವನ್ನು ಇನ್ನೊಂದು ಬದಿಗೆ ತಿರುಗಿಸುತ್ತದೆ. ಇಷ್ಟೇ ಕಥೆ.

ಎಕ್ಸಲರೇಟರ್ ಪೂರ್ತಿ ಒತ್ತಿದರೆ ಮ್ಯಾನಿಫೋಲ್ಡ್‌ನ ಎಳೆತ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಚಾರ್ಮಾಡಿ ಘಾಟಿ ಹತ್ತುವಾಗ ವೈಪರ್ ಅರ್ಧಕ್ಕೆ ನಿಲ್ಲುವುದು, ಇಳಿಯುವಾಗ ಹುಚ್ಚು ಹಿಡಿದಂತೆ ಬಡಿದಾಡುವುದು ಈ ಕಾರಣಕ್ಕೆ. ಮ್ಯಾನಿಫೋಲ್ಡ್‌ನಿಂದ ನೇರ ಹೋಸ್ ಇರುವ ಗಾಡಿಯಲ್ಲಿ ಇದು ರಿಪೇರಿ ಮಾಡುವ ತಪ್ಪೇ ಅಲ್ಲ. ಹಳೇ ಡ್ರೈವರ್‌ಗಳು ಏರಿನಲ್ಲಿ ಕ್ಷಣ ಕಾಲೆತ್ತಿ, ಗಾಜು ಒರೆಸಿಕೊಂಡು, ಮತ್ತೆ ಒತ್ತುತ್ತಿದ್ದರು. ಗಾಡಿ ಸಮತಟ್ಟಿನಲ್ಲಿ ನಿಂತು ಎಂಜಿನ್ ಸ್ಲೋ ಓಡುವಾಗಲೂ ವೈಪರ್ ತೆವಳಿದರೆ ಮಾತ್ರ ಕೆಲಸ ಶುರು ಮಾಡಿ.

## ಬೇಕಾಗುವ ಸಾಮಾನು

ಎಳೆತ ಅಳೆಯುವ ವ್ಯಾಕ್ಯೂಮ್ ಗೇಜ್ ಒಂದು ಬೇಕೇ ಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಟೂಲ್ ಅಂಗಡಿಗಳಲ್ಲಿ ಕೇಳಿ. ಅದಕ್ಕೆ ಹೊಂದುವ ಟಿ ಜಾಯಿಂಟ್ ಎರಡು ಇರಲಿ. ಅಮೆರಿಕನ್ ಗಾಡಿಗಳಲ್ಲಿ ಸಾಮಾನ್ಯವಾಗಿ ವೈಪರ್ ಹೋಸಿನ ಒಳ ಅಳತೆ 7/32 ಇಂಚು, ಅಂದರೆ ಸುಮಾರು 5.5 ಮಿಲಿಮೀಟರ್. ದಪ್ಪ ಗೋಡೆಯ ಹೋಸ್ ಎರಡು ಮೀಟರ್ ತನ್ನಿ.

ಇಂಚಿನ ಲೆಕ್ಕದ ಸ್ಪ್ಯಾನರ್‌ಗಳು ಬೇಕು: 7/16, 1/2, 9/16. ಮಿಲಿಮೀಟರ್ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಹಳೇ ಹಿತ್ತಾಳೆ ನಟ್ಟಿನ ಮೂಲೆಗಳು ಸವೆದು ಹೋಗುತ್ತವೆ. ಜೊತೆಗೆ ಲಗೇಜು ತೂಗುವ ಸಣ್ಣ ತಕ್ಕಡಿ, ಹೊಲಿಗೆ ಯಂತ್ರದ ಎಣ್ಣೆ, ಹಳೇ ಟೂತ್‌ಬ್ರಷ್, ಸೀಮೆಎಣ್ಣೆ, ಟಾರ್ಚು, ಮತ್ತು ಹೋಸಿನ ಬಾಯಿ ಮುಚ್ಚಲು ಒಂದೆರಡು ಗಿಡ್ಡ ಬೋಲ್ಟು.

ಎಂಜಿನ್ ಓಡಿಸಿಕೊಂಡೇ ಮಾಡುವ ಕೆಲಸ ಇದು. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಮಾಡಬೇಡಿ, ಸೈಲೆನ್ಸರ್ ಹೊಗೆ ಆಳನ್ನು ಸದ್ದಿಲ್ಲದೆ ಬೀಳಿಸುತ್ತದೆ. ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್‌ನಲ್ಲಿಡಿ. ಹಳೇ ಗಾಡಿಗಳ ಫ್ಯಾನಿಗೆ ಕವಚ ಇರುವುದಿಲ್ಲ. ಪಂಚೆ, ಟವೆಲ್, ಸಡಿಲ ತೋಳಿನ ಅಂಗಿ ಹಾಕಿಕೊಂಡು ಬಗ್ಗಬೇಡಿ.

## ಹಂತ 1: ಬ್ಲೇಡು ಮತ್ತು ವೈಪರ್ ಕೈ

ಗಾಜಿನ ಮೇಲೆ ನೀರು ಸುರಿಯಿರಿ. ಒಣ ಗಾಜಿನ ಮೇಲೆ ವ್ಯಾಕ್ಯೂಮ್ ವೈಪರ್ ಪರೀಕ್ಷೆ ಮಾಡುವುದೇ ತಪ್ಪು. ಒಳ್ಳೆಯ ಮೋಟರ್ ಕೂಡ ಒಣ ಗಾಜಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಒದ್ದೆ ಗಾಜಿನಲ್ಲಿ ಒಮ್ಮೆ ಓಡಿಸಿ. ಆಮೇಲೆ ವೈಪರ್ ಬಂದ್ ಮಾಡಿ ಬ್ಲೇಡುಗಳನ್ನು ತೆಗೆದು, ವೈಪರ್ ಕೈಗಳ (ಬ್ಲೇಡು ಹಿಡಿದಿರುವ ಲೋಹದ ತೋಳುಗಳ) ತುದಿಗೆ ಬಟ್ಟೆ ಸುತ್ತಿ ಗಾಜಿಗೆ ಗೀರು ಬೀಳದಂತೆ ಕಟ್ಟಿ, ಮತ್ತೆ ಓಡಿಸಿ. ಈಗ ವೇಗ ಚೆನ್ನಾಗಿ ಹೆಚ್ಚಿದರೆ ತಪ್ಪು ಬ್ಲೇಡಿನಲ್ಲೋ ಕೈಯ ಸ್ಪ್ರಿಂಗಿನಲ್ಲೋ ಇದೆ.

ಇಲ್ಲಿ ಜನ ಮಾಡುವ ದೊಡ್ಡ ಎಡವಟ್ಟು, ಈಗಿನ ಕಾರಿನ ವೈಪರ್ ಕೈ ತಂದು ಹಾಕುವುದು. ಅದರ ಸ್ಪ್ರಿಂಗು ಕರೆಂಟಿನ ಮೋಟರ್‌ಗೆ ಲೆಕ್ಕ ಹಾಕಿ ಮಾಡಿದ್ದು. ಹಳೇ ಗಾಡಿಗೆ ಅಂದಾಜು ಲೆಕ್ಕ ಹೀಗೆ: ಬ್ಲೇಡಿನ ಉದ್ದದ ಪ್ರತಿ ಇಂಚಿಗೆ 1 ಔನ್ಸ್, ಅಂದರೆ 28 ಗ್ರಾಂ ಒತ್ತಡ. 10 ಇಂಚಿನ ಬ್ಲೇಡಿಗೆ ಸುಮಾರು 280 ಗ್ರಾಂ. ಬ್ಲೇಡು ಕೂರುವ ಜಾಗಕ್ಕೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ಗಾಜಿನಿಂದ ಸ್ವಲ್ಪವೇ ಮೇಲೆತ್ತಿ ನೋಡಿ. ಅರ್ಧ ಕಿಲೋ ದಾಟಿದರೆ ಆ ಕೈ ನಿಮ್ಮ ಗಾಡಿಯದ್ದಲ್ಲ. ಹಾಗಂತ ಸ್ಪ್ರಿಂಗ್ ಎಳೆದೆಳೆದು ಸಡಿಲ ಮಾಡಬೇಡಿ. 40ರ ವೇಗಕ್ಕೇ ಬ್ಲೇಡು ಗಾಳಿಗೆ ಎದ್ದು ನಿಲ್ಲುತ್ತದೆ.

ಗಾಜಿನ ಮೇಲೆ ಪಾಲಿಶ್ ಅಥವಾ ಎಣ್ಣೆಯ ಪದರ ಇದ್ದರೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆಯಿರಿ. ರಬ್ಬರ್ ಗಟ್ಟಿಯಾಗಿದ್ದರೆ ಬದಲಿಸಿ, ಯೋಚನೆ ಮಾಡಬೇಡಿ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಎಂಜಿನ್ ಓಡುತ್ತಿರಲಿ, ನಿಂತಿರಲಿ, ನಿಂತ ವೈಪರನ್ನು ಬ್ಲೇಡು ಹಿಡಿದು ಕೈಯಿಂದ ತಳ್ಳಬೇಡಿ. ಉದ್ದದ ಕೈ ಹಿಡಿದು ತಳ್ಳಿದಾಗ ಒಳಗಿನ ಹಲಗೆಯ ಮೇಲೆ ಬೀಳುವ ಬಲ ಬಹಳ ಜಾಸ್ತಿ. "ಒಂಚೂರು ಸಹಾಯ ಮಾಡಿದೆ ಅಷ್ಟೇ" ಅಂದವರ ಮೋಟರ್‌ಗಳಲ್ಲಿ ಮುರಿದ ಹಲಗೆ ನೋಡಿದ್ದೇನೆ.

## ಹಂತ 2: ಕೈ ಕೂರುವ ದಂಡ ಮತ್ತು ಸಲಾಕೆಗಳು

ಹಳೇ ಜೀಪಿನಲ್ಲಿ ಈ ಹಂತ ಹೆಚ್ಚೂಕಡಿಮೆ ಇಲ್ಲ. ಮೋಟರ್ ಗಾಜಿನ ಚೌಕಟ್ಟಿನ ಮೇಲೇ ಕೂತಿದ್ದು, ಅದರ ದಂಡಕ್ಕೇ ವೈಪರ್ ಕೈ ಸಿಕ್ಕಿಸಿರುತ್ತದೆ. ಮುಂದಿನ ಹಂತಕ್ಕೆ ಹೋಗಿ.

ಕಾರುಗಳಲ್ಲಿ ಮೋಟರ್ ನಡುವೆ ಇದ್ದು, ಎರಡೂ ಬದಿಯ ದಂಡಗಳಿಗೆ ಡ್ಯಾಶ್‌ಬೋರ್ಡಿನ ಒಳಗಿನಿಂದ ಕಬ್ಬಿಣದ ಸಲಾಕೆ ಅಥವಾ ಸ್ಟೀಲ್ ಕೇಬಲ್ ಹೋಗುತ್ತದೆ. ಎಂಜಿನ್ ಆಫ್ ಮಾಡಿ ಇವನ್ನು ಮೋಟರ್‌ನಿಂದ ಬಿಡಿಸಿ. ಬಿಡಿಸುವ ಮುಂಚೆ ಮೊಬೈಲಲ್ಲಿ ಫೋಟೋ ಹೊಡೆದುಕೊಳ್ಳಿ, ಕ್ಲಿಪ್ಪಿನ ಮುಖ ಯಾವ ಕಡೆ ಇತ್ತು ಅನ್ನುವುದು ಆಮೇಲೆ ನೆನಪಿರುವುದಿಲ್ಲ. ಈಗ ಪ್ರತಿ ದಂಡವನ್ನೂ ಎರಡು ಬೆರಳಲ್ಲಿ ಹಿಡಿದು ತಿರುಗಿಸಿ. ಸಲೀಸಾಗಿ ತಿರುಗಬೇಕು. ಬೆರಳಿಗೆ ಬಿಗಿ ಅನ್ನಿಸಿದರೆ ಮೋಟರ್‌ಗೂ ಅದು ಬಿಗಿಯೇ.

ಹತ್ತಿಪ್ಪತ್ತು ವರ್ಷ ಶೆಡ್ಡಿನಲ್ಲಿ ನಿಂತ ಕಾರಿನಲ್ಲಿ ಹಳೇ ಗ್ರೀಸು ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿರುತ್ತದೆ. ಅದರ ಮೇಲೆ ಹೊಸ ಎಣ್ಣೆ ಬಿಟ್ಟು ಸುಮ್ನೆ ಬಿಡಬೇಡಿ. ಸೀಮೆಎಣ್ಣೆಯಿಂದ ಹಳೇದನ್ನು ಕರಗಿಸಿ, ಒರೆಸಿ, ಆಮೇಲೆ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಡಿ. ಕೊಬ್ಬರಿ ಎಣ್ಣೆ ಬಿಡುವವರಿದ್ದಾರೆ. ಡಿಸೆಂಬರಿನ ಮಲೆನಾಡಿನ ಬೆಳಿಗ್ಗೆ ಅಡುಗೆಮನೆಯ ಕೊಬ್ಬರಿ ಎಣ್ಣೆ ಬಾಟಲಿ ನೋಡಿದವರು ಆ ಕೆಲಸ ಮಾಡಲಾರರು.

ಕೇಬಲ್ ಇದ್ದರೆ ಬಿರಿದ ಎಳೆಗಳಿವೆಯಾ, ರಾಟೆಯಿಂದ ಜಾರಿದೆಯಾ ನೋಡಿ. ಒಂದು ಕೈ ಓಡಿ ಇನ್ನೊಂದು ನಿಂತರೆ ಮೋಟರ್ ಸರಿಯಾಗಿದೆ ಅಂತಲೇ ಅರ್ಥ. ತಪ್ಪು ಇಲ್ಲೇ ಇದೆ.

## ಹಂತ 3: ಎಳೆತ ಮೋಟರ್‌ವರೆಗೆ ಬರುತ್ತಿದೆಯಾ?

ಇದೇ ಮುಖ್ಯ ಹಂತ. ನಿಧಾನವಾಗಿ ಓದಿ.

ಎಂಜಿನ್ ಬಿಸಿಯಾಗಿ, ಚೋಕ್ ಪೂರ್ತಿ ಒಳಗೆ ಹೋಗಿ, ಸ್ಲೋ ಓಟ ನೆಲೆ ನಿಲ್ಲಲಿ. ಮೋಟರ್ ತುದಿಯಲ್ಲಿ ಹೋಸ್ ಕೀಳಿ. ಎಂಜಿನ್ ಸದ್ದು ಕೂಡಲೇ ಬದಲಾಗಬೇಕು, ಕೆಲವೊಮ್ಮೆ ಕುಂಟಲೂಬಹುದು. ಹೊರಗಿನ ಗಾಳಿ ಒಳಗೆ ನುಗ್ಗುತ್ತಿದೆ ಅನ್ನುವುದರ ಗುರುತು ಅದು. ಈಗ ಹೋಸಿನ ಬಾಯಿಗೆ ಬೆರಳಿಡಿ. ಬೆರಳನ್ನು ಗಟ್ಟಿಯಾಗಿ ಎಳೆದುಕೊಳ್ಳಬೇಕು, ಎಂಜಿನ್ ಮತ್ತೆ ಹದಕ್ಕೆ ಬರಬೇಕು. ಇಟ್ಟರೂ ತೆಗೆದರೂ ಸದ್ದಿನಲ್ಲಿ ಏನೂ ವ್ಯತ್ಯಾಸ ಇಲ್ಲವೇ? ಎಳೆತ ದಾರಿಯಲ್ಲೇ ಸತ್ತಿದೆ. ಮೋಟರ್ ಮುಟ್ಟುವ ಕಾರಣವೇ ಇಲ್ಲ.

ಬೆರಳಿಗೆ ಎಳೆತ ಸಿಕ್ಕಿತು ಅಂದಮಾತ್ರಕ್ಕೆ ಹೋಸ್ ಸರಿ ಇದೆ ಅಂತಲೂ ಅಲ್ಲ. ಹೋಸಿನ ತುದಿಗೆ ನೇರ ಗೇಜ್ ಹಾಕಿ, "ಮುಳ್ಳು ಪೂರ್ತಿ ತೋರಿಸಿತು" ಅಂತ ಖುಷಿಪಟ್ಟವರು ಮೋಸ ಹೋಗುವುದೂ ಇಲ್ಲೇ. ಗೇಜ್ ಅಂದರೆ ಮುಚ್ಚಿದ ತುದಿ. ಮುಕ್ಕಾಲು ಪಾಲು ಕಟ್ಟಿಕೊಂಡ ಹೋಸ್ ಕೂಡ ಸ್ವಲ್ಪ ಹೊತ್ತು ತಗೊಂಡು ಅದೇ ಅಂಕಿಗೆ ಮುಳ್ಳನ್ನು ತಲುಪಿಸುತ್ತದೆ. ವೈಪರ್‌ಗೆ ಬೇಕಾದ್ದು ಎಡೆಬಿಡದ ಹರಿವು. ಹಾಗಾಗಿ ಮೋಟರ್ ಹತ್ತಿರ ಟಿ ಹಾಕಿ, ವೈಪರ್ ಓಡುವಾಗಲೇ ಗೇಜ್ ಓದಿ. ಇನ್ನೊಂದು ಟಿ ಮ್ಯಾನಿಫೋಲ್ಡ್ ತುದಿಗೆ ಹಾಕಿ, ಅಲ್ಲೂ ಓದಿ. ಮ್ಯಾನಿಫೋಲ್ಡ್ ಹತ್ತಿರ ಮುಳ್ಳು ನೆಟ್ಟಗಿದ್ದು ಮೋಟರ್ ಹತ್ತಿರ ಮಾತ್ರ ಧೊಪ್ಪನೆ ಬಿದ್ದರೆ ನಡುವಿನ ದಾರಿ ಕಟ್ಟಿದೆ. ಎರಡೂ ಕಡೆ ಬಿದ್ದರೆ ಮೋಟರ್ ಒಳಗೆ ಗಾಳಿ ದೊಡ್ಡದಾಗಿ ಸೋರುತ್ತಿರಬಹುದು.

ಇಷ್ಟೆಲ್ಲ ತಲೆನೋವು ಬೇಡ ಅನ್ನುವವರಿಗೆ ಅಡ್ಡದಾರಿ ಒಂದಿದೆ. ತಂದ ಹೊಸ ಹೋಸನ್ನು ಮ್ಯಾನಿಫೋಲ್ಡ್‌ನಿಂದ ನೇರವಾಗಿ, ಬಾನೆಟ್ ಪಕ್ಕದಿಂದ, ಮೋಟರ್‌ಗೆ ತಾತ್ಕಾಲಿಕವಾಗಿ ಎಳೆಯಿರಿ. ಫ್ಯಾನಿಗೂ ಎಕ್ಸಾಸ್ಟ್‌ಗೂ ತಾಗದಂತೆ ನೋಡಿಕೊಳ್ಳಿ. ನಡುವಿನ ಪಂಪು, ಟ್ಯಾಂಕು (ಇವುಗಳ ಕಥೆ ಹಂತ 5ರಲ್ಲಿ), ಹಳೇ ಕೊಳವೆ ಎಲ್ಲವನ್ನೂ ಬಿಟ್ಟುಬಿಡಿ. ವೈಪರ್ ಕುದುರೆಯಂತೆ ಓಡಿತೇ? ಮೋಟರ್ ಗಟ್ಟಿಯಾಗಿದೆ, ಹಳೇ ದಾರಿ ಕೆಟ್ಟಿದೆ. ನನ್ನ ಅನುಭವದಲ್ಲಿ ಅರ್ಧಕ್ಕಿಂತ ಹೆಚ್ಚು ಗಾಡಿಗಳ ರಿಪೇರಿ ಈ ಸಾಲಿಗೇ ಮುಗಿದಿದೆ.

ಹೋಸಿನಲ್ಲಿ ಏನು ಕೆಡುತ್ತದೆ? ತುದಿ ಬಿರಿಯುತ್ತದೆ. ಬಾಗುವಲ್ಲಿ ಮಡಚಿಕೊಳ್ಳುತ್ತದೆ. ಕೆಲವೊಮ್ಮೆ ಹೊರಗೆ ಹೊಸದರಂತೆ ಕಂಡರೂ ಒಳಗಿನ ರಬ್ಬರ್ ಊದಿಕೊಂಡು ದಾರಿ ಮುಚ್ಚಿರುತ್ತದೆ. ಜೀಪಿನಲ್ಲಿ ಗಾಜು ಮಡಚುವ ಕೀಲಿನ ಹತ್ತಿರ ಮೊದಲು ನೋಡಿ. ಮೀನಿನ ತೊಟ್ಟಿಯ ತೆಳು ಪ್ಲಾಸ್ಟಿಕ್ ಪೈಪ್ ಹಾಕುವವರು ಎಳನೀರಿನ ಸ್ಟ್ರಾ ನೆನಪಿಸಿಕೊಳ್ಳಲಿ. ಗಂಜಿ ತುಂಡು ಅಡ್ಡ ಸಿಕ್ಕಾಗ ಜೋರಾಗಿ ಎಳೆದರೆ ಸ್ಟ್ರಾ ಚಪ್ಪಟೆಯಾಗುತ್ತದೆ ಅಲ್ವಾ? ಎಂಜಿನ್ ಬಿಸಿಗೆ ಮೆತ್ತಗಾದ ಪೈಪಿಗೂ ಅದೇ ಗತಿ. ಗಾಡಿ ತಣ್ಣಗಿದ್ದಾಗ ವೈಪರ್ ಓಡಿ, ಹತ್ತು ನಿಮಿಷದ ಮೇಲೆ ನಿಂತರೆ ಇದೇ ಅನುಮಾನ ಪಡಿ.

ಹೋಸ್ ಒಳಗೆ ಏನಿದೆ ಅಂತ ಬಾಯಲ್ಲಿ ಹೀರಿ ನೋಡಬೇಡಿ. ಅಲ್ಲಿ ಪೆಟ್ರೋಲಿನ ಆವಿ, ಎಂಜಿನ್ ಎಣ್ಣೆಯ ಜಿಡ್ಡು ಕೂತಿರುತ್ತದೆ.

ಮ್ಯಾನಿಫೋಲ್ಡ್‌ಗೆ ಸೇರುವ ಹಿತ್ತಾಳೆಯ ಮೂತಿಯಲ್ಲಿ ಕಾರ್ಬನ್ ಕಟ್ಟುವುದೂ ಮಾಮೂಲು. ಎಂಜಿನ್ ಆಫ್ ಮಾಡಿ, ಮೂತಿ ಕಳಚಿ, ಹೊರಗಿಟ್ಟು ತೆಳು ತಂತಿಯಿಂದ ಬಿಡಿಸಿ. ಡ್ರಿಲ್ ಹಾಕಿ ತೂತು ದೊಡ್ಡದು ಮಾಡಬೇಡಿ. ಕೆಲವು ಮೂತಿಗಳಲ್ಲಿ ಬೇಕೆಂತಲೇ ಸಣ್ಣ ತೂತು ಇಟ್ಟಿರುತ್ತಾರೆ.

## ಹಂತ 4: ಎಂಜಿನ್ನಿನ ಎಳೆತವೇ ಕಮ್ಮಿಯಾ?

ಗೇಜನ್ನು ನೇರ ಮ್ಯಾನಿಫೋಲ್ಡ್‌ಗೆ ಹಾಕಿ. ಆರೋಗ್ಯವಾಗಿರುವ ಎಂಜಿನ್ ಸ್ಲೋ ಓಟದಲ್ಲಿ 17ರಿಂದ 21 ಇಂಚು (ಪಾದರಸದ ಇಂಚು, ಎಳೆತದ ಅಳತೆ) ತೋರಿಸಬೇಕು ಅಂತ ಹಳೇ ಪುಸ್ತಕಗಳಲ್ಲಿ ಇರುತ್ತದೆ. ಇದನ್ನು ಓದಿ ಬೆಂಗಳೂರಿನವರು ಗಾಬರಿಯಾಗುತ್ತಾರೆ. ಆ ಅಂಕಿ ಸಮುದ್ರ ಮಟ್ಟದ್ದು. ಪ್ರತಿ 1000 ಅಡಿ ಎತ್ತರಕ್ಕೆ ಸುಮಾರು 1 ಇಂಚು ಕಳೆಯಿರಿ. ಮಂಗಳೂರಿನಲ್ಲಿ 19 ತೋರಿಸಿದ ಅದೇ ಗಾಡಿ 3000 ಅಡಿ ಎತ್ತರದ ಬೆಂಗಳೂರಿನಲ್ಲಿ 16 ತೋರಿಸುತ್ತದೆ, ಮಡಿಕೇರಿಯಲ್ಲಿ ಇನ್ನೂ ಸ್ವಲ್ಪ ಕಮ್ಮಿ. ಎಂಜಿನ್ ಕೆಟ್ಟಿಲ್ಲ. ಕೊಡಗಿನ ಜೀಪುಗಳ ವೈಪರ್ ಕರಾವಳಿಯವಕ್ಕಿಂತ ಸೋಮಾರಿ ಅನ್ನಿಸುವುದರಲ್ಲಿ ನಿಜವೂ ಇದೆ.

ಮುಳ್ಳಿನ ನಡೆ ನೋಡಿ. ಅಲ್ಲಾಡದೆ, ಆದರೆ ಲೆಕ್ಕಕ್ಕಿಂತ ಮೂರು ನಾಲ್ಕು ಇಂಚು ಕೆಳಗೆ ನಿಂತರೆ ಇಗ್ನಿಷನ್ ಟೈಮಿಂಗ್ ಹಿಂದೆ ಬಿದ್ದಿರಬಹುದು, ಇಲ್ಲವೇ ಎಲ್ಲೋ ಗಾಳಿ ಸೋರುತ್ತಿರಬಹುದು. ಒಂದೇ ತಾಳದಲ್ಲಿ ಟಕ್ ಟಕ್ ಅಂತ ಇಳಿದು ಏರಿದರೆ ಒಂದು ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ನಿಧಾನಕ್ಕೆ ಆಚೀಚೆ ತೇಲಿದರೆ ಕಾರ್ಬ್ಯುರೇಟರ್ ಹೊಂದಾಣಿಕೆ ನೋಡಿ. ಇವೆಲ್ಲ ವೈಪರ್ ಕೆಲಸವಲ್ಲ, ಎಂಜಿನ್ ಕೆಲಸ. ಮೊದಲು ಅದನ್ನು ಮುಗಿಸಿ ಬನ್ನಿ.

ಗಾಳಿ ಸೋರಿಕೆ ಹುಡುಕಲು ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಕಾರ್ಬ್ಯುರೇಟರ್ ಬುಡಕ್ಕೆ ಸ್ಪ್ರೇ ಬಾಟಲಿಯಿಂದ ಸ್ವಲ್ಪ ಸ್ವಲ್ಪ ಸೋಪಿನ ನೀರು ಹೊಡೆಯಿರಿ. ಸೋರುವ ಜಾಗಕ್ಕೆ ನೀರು ಬಿದ್ದಾಗ ಎಂಜಿನ್ ಸದ್ದು ಕ್ಷಣಕಾಲ ಬದಲಾಗುತ್ತದೆ. ಡಿಸ್ಟ್ರಿಬ್ಯೂಟರ್ ಮೇಲೆ ನೀರು ಬೀಳಿಸಬೇಡಿ. ಪೆಟ್ರೋಲ್ ಅಥವಾ ಕಾರ್ಬ್ಯುರೇಟರ್ ಕ್ಲೀನರ್ ಹೊಡೆದು ಹುಡುಕುವ ಅಭ್ಯಾಸ ಗ್ಯಾರೇಜುಗಳಲ್ಲಿದೆ. ಹಳೇ ಎಂಜಿನ್‌ಗಳಲ್ಲಿ ಕೆಂಪಗೆ ಕಾಯುವ ಎಕ್ಸಾಸ್ಟ್ ಅದೇ ಪಕ್ಕದಲ್ಲಿರುತ್ತದೆ. ಬೇಡ.

## ಹಂತ 5: ಎ.ಸಿ. ಪಂಪ್ ಇರುವ ಗಾಡಿಗಳು

ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಎಂಜಿನ್ ಪಕ್ಕದ ಪೆಟ್ರೋಲ್ ಪಂಪಿಗೆ ಎ.ಸಿ. ಪಂಪ್ ಅಂತಲೇ ಹೆಸರು. ಕೆಲವು ಜೀಪು, ಕಾರುಗಳಲ್ಲಿ ಇದು ಜೋಡಿ ಪಂಪ್: ಒಂದು ಭಾಗ ಪೆಟ್ರೋಲ್ ತಳ್ಳುತ್ತದೆ, ಇನ್ನೊಂದು ಭಾಗ ವೈಪರ್‌ಗಾಗಿ ಗಾಳಿ ಎಳೆಯುತ್ತದೆ. ಏರು ಹತ್ತುವಾಗ ಮ್ಯಾನಿಫೋಲ್ಡ್ ಕೈಬಿಟ್ಟರೂ ವೈಪರ್ ಕುಂಟುತ್ತಾದರೂ ಓಡಲಿ ಅಂತ ಈ ಏರ್ಪಾಡು. ಪಂಪಿಗೆ ಪೆಟ್ರೋಲಿನ ಎರಡು ಪೈಪಲ್ಲದೆ ಇನ್ನೂ ಎರಡು ಪೈಪು ಬಂದಿದ್ದರೆ ನಿಮ್ಮದು ಜೋಡಿ ಪಂಪ್.

ಪರೀಕ್ಷೆ ಹೀಗೆ. ಪಂಪಿನಿಂದ ಮ್ಯಾನಿಫೋಲ್ಡ್‌ಗೆ ಹೋಗುವ ಪೈಪನ್ನು ಮ್ಯಾನಿಫೋಲ್ಡ್ ತುದಿಯಲ್ಲಿ ಬಿಚ್ಚಿ, ಮ್ಯಾನಿಫೋಲ್ಡ್‌ನ ತೂತು ಮುಚ್ಚಿ. ಬಿಚ್ಚಿದ ಪೈಪನ್ನು ತೆರೆದೇ ಬಿಡಿ, ಪಂಪು ಎಳೆದ ಗಾಳಿ ಆಚೆ ಹೋಗಬೇಕಲ್ಲ. ವೈಪರ್ ಕಡೆಯ ಮೂತಿಗೆ ಗೇಜ್ ಹಾಕಿ, ಎಂಜಿನ್ನನ್ನು ಸ್ವಲ್ಪ ರೈಸ್ ಮಾಡಿ. ಪಂಪ್ ತಾನೊಂದೇ ಸುಮಾರು 8ರಿಂದ 10 ಇಂಚು ಎಳೆದರೆ ಪರವಾಗಿಲ್ಲ. ಮುಳ್ಳು ಎದ್ದೇಳದಿದ್ದರೆ ಡಯಾಫ್ರಾಮ್ (ಪಂಪಿನೊಳಗೆ ಆಡುವ ತೆಳು ಪೊರೆ) ಅಥವಾ ಒಳಗಿನ ವಾಲ್ವ್ ಹೋಗಿದೆ.

ಈ ಡಯಾಫ್ರಾಮ್ ಹರಿದರೆ ತೊಂದರೆ ಬರೀ ವೈಪರ್‌ಗೆ ನಿಲ್ಲುವುದಿಲ್ಲ. ಪಂಪಿನ ಕೆಳಭಾಗ ಎಂಜಿನ್ನಿನ ಎಣ್ಣೆಯ ಕೋಣೆಗೆ ತೆರೆದಿರುತ್ತದೆ. ಹರಿದ ಜಾಗದಿಂದ ಮ್ಯಾನಿಫೋಲ್ಡ್ ಆ ಎಣ್ಣೆಯನ್ನೇ ಹೀರಿಕೊಂಡು ಸುಡುತ್ತದೆ. ಸೈಲೆನ್ಸರ್‌ನಿಂದ ನೀಲಿ ಹೊಗೆ, ವಾರಕ್ಕೊಮ್ಮೆ ಎಣ್ಣೆ ತುಂಬುವುದು, ಸ್ಲೋ ಓಟದಲ್ಲಿ ಕುಂಟುವುದು. ಇದನ್ನು ಕಂಡು "ಪಿಸ್ಟನ್ ರಿಂಗ್ ಹೋಗಿದೆ, ಎಂಜಿನ್ ಬೋರ್ ಮಾಡಿಸಬೇಕು" ಅಂತ ದೊಡ್ಡ ಚೀಟಿ ಬರೆದುಕೊಟ್ಟ ಗ್ಯಾರೇಜು ನನಗೂ ಸಿಕ್ಕಿತ್ತು. ಅಂಥ ಚೀಟಿಗೆ ಒಪ್ಪುವ ಮುಂಚೆ ಮ್ಯಾನಿಫೋಲ್ಡ್‌ನಲ್ಲಿ ಆ ಪೈಪ್ ಬಿಚ್ಚಿ, ತೂತು ಮುಚ್ಚಿ, ಅರ್ಧ ಗಂಟೆ ಓಡಿಸಿ. ಹೊಗೆ ನಿಂತರೆ ರಿಂಗ್ ಸರಿಯಾಗಿದೆ. ಬಿಚ್ಚಿದ ಪೈಪಿನ ಬಾಯಲ್ಲಿ ಎಣ್ಣೆ ಜಿನುಗುತ್ತಿದ್ದರೆ ಸಾಕ್ಷಿ ಪೂರ್ತಿ ಆಯಿತು.

ಪಂಪ್ ಬಿಚ್ಚಿದ ಮೇಲೆ ಪೆಟ್ರೋಲ್ ಕಡೆಯ ಡಯಾಫ್ರಾಮನ್ನೂ ಜೊತೆಯಲ್ಲೇ ಬದಲಿಸಿ. ಈಗ ಬಂಕುಗಳಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಹಳೇ ಕಾಲದ ರಬ್ಬರು, ಬಟ್ಟೆಯ ಡಯಾಫ್ರಾಮ್‌ಗೆ ಅದು ಆಗಿಬರುವುದಿಲ್ಲ. ಎಥನಾಲ್ ತಡೆಯುವ ಕಿಟ್ ಅಂತಲೇ ಕೇಳಿ ತನ್ನಿ. ಪಂಪಿನ ಪಕ್ಕದ ಸಣ್ಣ ತೂತಿನಿಂದ ಪೆಟ್ರೋಲ್ ತೊಟ್ಟಿಕ್ಕಿದರೆ, ಅಥವಾ ಡಿಪ್‌ಸ್ಟಿಕ್‌ನಲ್ಲಿ ಪೆಟ್ರೋಲ್ ವಾಸನೆ ಬಂದರೆ ಗಾಡಿ ಓಡಿಸಬೇಡಿ. ಕಿಟ್ ಸಿಗುವವರೆಗೆ ನಿಂತಿರಲಿ.

ವ್ಯಾಕ್ಯೂಮ್ ಟ್ಯಾಂಕ್ (ಎಳೆತ ಕೂಡಿಡುವ ಡಬ್ಬಿ) ಇರುವ ಗಾಡಿಯಲ್ಲಿ ಅದರ ಒಂದೇ ದಿಕ್ಕಿನ ವಾಲ್ವನ್ನು ಬಿಚ್ಚಿ, ತೊಳೆದು, ಎರಡೂ ಕಡೆಯಿಂದ ಗಾಳಿ ಊದುವ ಪಂಪಿನಿಂದ ಊದಿ ನೋಡಿ. ಒಂದೇ ಕಡೆ ಹೋಗಬೇಕು. ತುಕ್ಕು ತೂತಾದ ಟ್ಯಾಂಕಿಗೆ ಎಂ-ಸೀಲ್ ಮೆತ್ತಿದರೆ ಒಂದು ಮಳೆಗಾಲ ಬರುತ್ತದೆ, ಅಷ್ಟೇ.

## ಡೀಸೆಲ್ ಎಂಜಿನ್ ಕೂರಿಸಿದ ಜೀಪುಗಳ ಬಗ್ಗೆ

ನಮ್ಮ ತೋಟಗಳ ಎಷ್ಟೋ ಹಳೇ ಜೀಪುಗಳಿಗೆ ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಹಾಕಿದ್ದಾರೆ. ಇವರಲ್ಲಿ ಕೆಲವರು ಹಳೇ ವೈಪರ್ ಮೋಟರ್ ಪಾಲಿಶ್ ಮಾಡಿಸಿ ತಂದು, ಹೋಸನ್ನು ಎಲ್ಲಿಗೆ ಕೊಡಬೇಕು ಅಂತ ಕೇಳುತ್ತಾರೆ. ಆ ಡೀಸೆಲ್ ಎಂಜಿನ್ನಿನಲ್ಲಿ ಗಾಳಿ ತಡೆಯುವ ಥ್ರಾಟಲ್ ಇಲ್ಲ. ಮ್ಯಾನಿಫೋಲ್ಡ್‌ನಲ್ಲಿ ವೈಪರ್ ಓಡಿಸುವಷ್ಟು ಎಳೆತವೂ ಇಲ್ಲ. ಬ್ರೇಕ್ ಬೂಸ್ಟರ್‌ಗಾಗಿ ಆಲ್ಟರ್ನೇಟರ್ ಹಿಂದೆ ವ್ಯಾಕ್ಯೂಮ್ ಪಂಪ್ ಇರುತ್ತದಲ್ಲ, ಅದರಿಂದ ಒಂದು ಟಿ ಹಾಕಿ ತೆಗೆದುಕೊಳ್ಳೋಣ ಅನ್ನುವ ಐಡಿಯಾ ಎಲ್ಲರಿಗೂ ಬರುತ್ತದೆ. ದಯವಿಟ್ಟು ಬೇಡ. ವೈಪರ್ ಹೋಸ್ ಬಿಟ್ಟುಕೊಂಡ ಕ್ಷಣ ಬ್ರೇಕ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಅದೂ ಮಳೆಯಲ್ಲಿ. ಅಂಥ ಜೀಪಿಗೆ ಕರೆಂಟಿನ ವೈಪರ್ ಹಾಕಿ.

## ಹಂತ 6: ಗುಬ್ಬಿ ಮತ್ತು ಕೇಬಲ್

ಡ್ಯಾಶ್‌ಬೋರ್ಡಿನ ಗುಬ್ಬಿ (ವೈಪರ್ ಶುರು, ಬಂದ್ ಮಾಡುವ ನಾಬ್) ತಿರುಗಿಸಿದಾಗ ಮೋಟರ್ ಮೇಲಿನ ವಾಲ್ವ್ ಪೂರ್ತಿ ಸರಿಯುತ್ತಿದೆಯಾ? ಒಬ್ಬರು ಗುಬ್ಬಿ ತಿರುಗಿಸಿ, ಇನ್ನೊಬ್ಬರು ಟಾರ್ಚು ಹಿಡಿದು ನೋಡಿ. ಕೇಬಲ್ ಬಿಗಿಯಾಗಿ ಅರ್ಧಕ್ಕೇ ನಿಂತರೆ ಎಳೆತ ಅರ್ಧವೇ ಸಿಗುತ್ತದೆ, ವೈಪರ್ ತೆವಳುತ್ತದೆ. ಬಂದ್ ಮಾಡಿದಾಗ ಬ್ಲೇಡು ಕೆಳಗೆ ಹೋಗಿ ಕೂರದೆ ನಡುವೆ ನಿಲ್ಲುವುದಕ್ಕೂ ಸಾಮಾನ್ಯವಾಗಿ ಇದೇ ಕಾರಣ. ಕೇಬಲ್ ಕ್ಲ್ಯಾಂಪ್ ಸಡಿಲಿಸಿ, ವಾಲ್ವನ್ನು ಕೈಯಲ್ಲೇ ಪೂರ್ತಿ ಬಂದ್ ಸ್ಥಾನಕ್ಕೆ ತಂದು, ಮತ್ತೆ ಬಿಗಿಯಿರಿ. ಐದು ನಿಮಿಷದ ಕೆಲಸ.

## ಹಂತ 7: ಈಗ ಮೋಟರ್

ಇಷ್ಟು ದಾಟಿ ಬಂದಿದ್ದರೆ ಮಾತ್ರ ಮೋಟರ್ ಕಳಚಿ. ಅದರ ನಡತೆಯಿಂದ ಒಳಗೇನಾಗಿದೆ ಅಂತ ಊಹಿಸಬಹುದು. ಒಂದು ದಿಕ್ಕಿಗೆ ಚುರುಕು, ಇನ್ನೊಂದಕ್ಕೆ ಮಂದ ಅಂದರೆ ಹಲಗೆಯ ಅಂಚು ಒಂದು ಬದಿಯಲ್ಲಿ ಸೋರುತ್ತಿದೆ. ತುದಿಗೆ ಹೋಗಿ ಅಲ್ಲೇ ಅಂಟಿಕೊಂಡರೆ ವಾಲ್ವ್ ಹೊರಳಿಸುವ ಪುಟ್ಟ ಸ್ಪ್ರಿಂಗ್ ಹೋಗಿದೆ ಅಥವಾ ಜಿಡ್ಡು ಹಿಡಿದಿದೆ. ಬುಸ್ ಅನ್ನುವ ಸದ್ದು ಮಾತ್ರ ಬಂದು ಅಲ್ಲಾಡದಿದ್ದರೆ ಒಳಗೆ ಗಾಳಿ ಪೂರ್ತಿ ಸೋರುತ್ತಿದೆ.

ದಂಡಕ್ಕೆ ಸಣ್ಣ ಹಿಡಿ ಸಿಕ್ಕಿಸಿ ಮೆಲ್ಲಗೆ ಆಚೀಚೆ ತಿರುಗಿಸಿ. ಸಲೀಸಾಗಿ ಹೋಗಬೇಕು. ಈಗ ವಾಲ್ವ್ ಮುಚ್ಚಳ ತೆಗೆದು, ಹಲಗೆಯ ಒಂದು ಬದಿಗೆ ಹೋಗುವ ತೂತಿಗೆ ಬೆರಳಿಟ್ಟು ತಿರುಗಿಸಿ. ಸಿರಿಂಜಿನ ಬಾಯಿ ಮುಚ್ಚಿ ಹಿಂದಕ್ಕೆ ಎಳೆದಾಗ ಬರುವ ತಡೆ ಇಲ್ಲೂ ಸಿಗಬೇಕು. ಸಿಗದಿದ್ದರೆ ಅಂಚು ಒಣಗಿದೆ. ಇನ್ನೊಂದು ತೂತನ್ನೂ ಹಾಗೇ ನೋಡಿ.

ಕೂಡಲೇ ಡಬ್ಬಿ ಬಿಚ್ಚಬೇಡಿ. ಚರ್ಮದ ಅಂಚಾದರೆ ಹೊಲಿಗೆ ಯಂತ್ರದ ಎಣ್ಣೆ ಏಳೆಂಟು ಹನಿ ಆ ತೂತುಗಳಿಗೆ ಬಿಟ್ಟು, ಹತ್ತಾರು ಸಲ ತಿರುಗಿಸಿ, ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ಮತ್ತೆ ತಿರುಗಿಸಿ, ಹೆಚ್ಚಿನ ಎಣ್ಣೆ ಸುರಿದುಬಿಡಿ. ಒಣಗಿದ ಚರ್ಮ ಎಷ್ಟೋ ಸಲ ಇಷ್ಟಕ್ಕೇ ಜೀವ ಪಡೆಯುತ್ತದೆ. ತುಕ್ಕು ಬಿಡಿಸುವ ಸ್ಪ್ರೇ, ಪೆಟ್ರೋಲ್, ಥಿನ್ನರ್ ಬೇಡ. ಆ ಹೊತ್ತಿಗೆ ಸಲೀಸಾದಂತೆ ಕಂಡರೂ ಚರ್ಮದಲ್ಲಿದ್ದ ಜಿಡ್ಡನ್ನೂ ತೊಳೆದುಕೊಂಡು ಹೋಗುತ್ತವೆ. ಬ್ರೇಕ್ ಆಯಿಲ್ ಬಿಡುವ ಹಳೇ ಪದ್ಧತಿಯೂ ಇದೆ. ಅದು ಸೋರಿ ಬಾಡಿಗೆ ಬಿದ್ದರೆ ಪೇಂಟ್ ಎದ್ದು ಬರುತ್ತದೆ, ನಾನು ಮುಟ್ಟುವುದಿಲ್ಲ.

ಬಿಚ್ಚಲೇಬೇಕಾದರೆ ಮುಚ್ಚಳಕ್ಕೂ ಡಬ್ಬಿಗೂ ಅಡ್ಡವಾಗಿ ಒಂದು ಗೆರೆ ಗೀರಿ ಗುರುತು ಮಾಡಿ. ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಬಿಚ್ಚಿ. ನಗಬೇಡಿ. ವಾಲ್ವಿನ ಸ್ಪ್ರಿಂಗ್ ಅಕ್ಕಿ ಕಾಳಿನಷ್ಟು, ಹಾರಿದರೆ ಶೆಡ್ಡಿನಲ್ಲಿ ಸಿಗುವುದಿಲ್ಲ. ಲೋಹದ ಭಾಗಗಳನ್ನು ಸೀಮೆಎಣ್ಣೆ ಮತ್ತು ಟೂತ್‌ಬ್ರಷ್‌ನಿಂದ ತೊಳೆಯಿರಿ, ಚರ್ಮಕ್ಕೆ ತಾಗಿಸಬೇಡಿ. ಡಬ್ಬಿಯ ಒಳಗೋಡೆಗೆ ಎಮರಿ ಹಾಳೆ ಹಾಕಿ ಉಜ್ಜಬೇಡಿ. ಅಂಚು ರಬ್ಬರಿನದ್ದಾದರೆ ಎಣ್ಣೆ ಬೇಡ, ಬ್ರೇಕ್ ಸಾಮಾನಿನ ಅಂಗಡಿಯ ಕೆಂಪು ರಬ್ಬರ್ ಗ್ರೀಸನ್ನು ತೆಳುವಾಗಿ ಸವರಿ. ರಬ್ಬರ್ ಬಿರುಕು ಬಿಟ್ಟಿದ್ದರೆ ಗ್ರೀಸು ಏನೂ ಮಾಡದು, ರಿಪೇರಿ ಕಿಟ್ಟೇ ಬೇಕು.

ಮುಚ್ಚುವಾಗ ಗ್ಯಾಸ್ಕೆಟ್ ಹಳೆಯದರಷ್ಟೇ ತೆಳ್ಳಗಿರಲಿ. ಲಗ್ನಪತ್ರಿಕೆಯ ದಪ್ಪ ಕಾಗದ ಕತ್ತರಿಸಿ ಹಾಕಿದ್ದನ್ನು ನೋಡಿದ್ದೇನೆ, ಅಂಚಿನಲ್ಲಿ ಅರಿಶಿನವೂ ಇತ್ತು. ಮುಚ್ಚಳ ಅಷ್ಟು ಮೇಲೆದ್ದರೆ ಹಲಗೆಗೂ ಮುಚ್ಚಳಕ್ಕೂ ನಡುವೆ ಸಂದಿ ಬಿದ್ದು, ಗಾಳಿ ಅಲ್ಲೇ ದಾಟಿಬಿಡುತ್ತದೆ. ಸ್ಕ್ರೂಗಳನ್ನು ಒಂದೇ ಸಲ ಬಿಗಿಯದೆ, ಎದುರು ಬದುರಾಗಿ ಸ್ವಲ್ಪ ಸ್ವಲ್ಪ ಬಿಗಿಯಿರಿ.

## ಹಂತ 8: ಜೋಡಣೆ ಮತ್ತು ರಸ್ತೆ ಪರೀಕ್ಷೆ

ವೈಪರ್ ಕೈ ಸಿಕ್ಕಿಸುವ ಮುಂಚೆ ಮೋಟರ್ ಕೂರಿಸಿ, ಎಂಜಿನ್ ಓಡಿಸಿ, ವೈಪರ್ ಬಂದ್ ಮಾಡಿ. ಒಳಗಿನ ಹಲಗೆ ತನ್ನ ವಿಶ್ರಾಂತಿಯ ತುದಿಗೆ ಹೋಗಿ ಕೂರುತ್ತದೆ. ಈಗ ಕೈಯನ್ನು ಬ್ಲೇಡು ಎಲ್ಲಿ ನಿಲ್ಲಬೇಕೋ ಅಲ್ಲಿಗೆ ಹೊಂದಿಸಿ ಸಿಕ್ಕಿಸಿ. ಇದನ್ನು ತಿರುಗಾಮುರುಗಾ ಮಾಡಿದವರ ಬ್ಲೇಡು ಗಾಜಿನ ಚೌಕಟ್ಟಿಗೆ ಬಡಿಯುತ್ತದೆ.

ಒದ್ದೆ ಗಾಜಿನಲ್ಲಿ ನಿಂತಲ್ಲೇ ಐದು ನಿಮಿಷ ಓಡಿಸಿ. ಆಮೇಲೆ ಹತ್ತಿರದ ಏರು ರಸ್ತೆಗೆ ಹೋಗಿ. ಏರಿನಲ್ಲಿ ನಿಧಾನವಾಗಲಿ, ಚಿಂತೆಯಿಲ್ಲ. ಕಾಲೆತ್ತಿದ ಕೂಡಲೇ ಚುರುಕಾಗುತ್ತದೆಯಾ ಅನ್ನುವುದೇ ಪರೀಕ್ಷೆ. ಕಾಲೆತ್ತಿ ಮೂರು ನಾಲ್ಕು ಸೆಕೆಂಡಾದರೂ ಎಚ್ಚರಾಗದಿದ್ದರೆ ಎಳೆತ ಬರುವ ದಾರಿ ಇನ್ನೂ ಕಟ್ಟಿಕೊಂಡಿದೆ, ಹಂತ 3ಕ್ಕೆ ವಾಪಸ್.

ಗೂಡಿಗೆ ಬಂದಮೇಲೆ ಮೊದಲು ವೈಪರ್ ಬಂದ್ ಮಾಡಿ, ಬ್ಲೇಡು ಕೂತದ್ದು ನೋಡಿ, ಆಮೇಲೆ ಎಂಜಿನ್ ಆಫ್ ಮಾಡಿ. ಮೊದಲೇ ಎಂಜಿನ್ ನಿಲ್ಲಿಸಿದರೆ ಎಳೆತವೂ ನಿಂತು ಬ್ಲೇಡು ನಡುಗಾಜಿನಲ್ಲೇ ಉಳಿಯುತ್ತದೆ. ಹಾಗಾದಾಗ ಇಳಿದು ಬಂದು ಕೈಯಿಂದ ತಳ್ಳಬೇಡಿ, ಇನ್ನೊಮ್ಮೆ ಸ್ಟಾರ್ಟ್ ಮಾಡಿ.